ಹಳೆ ಕ್ವಾರ್ಟರ್ಸ್‌ಗೆ ಎಸಿ: ಮೊದಲು ಮೀಟರ್ ಬೋರ್ಡ್ ನೋಡಿ

ಮಾರ್ಚ್ ಮುಗಿಯುವ ಹೊತ್ತಿಗೆ ದಾವಣಗೆರೆಯ ಹಳೆಯ ಹೌಸಿಂಗ್ ಬೋರ್ಡ್ ಫ್ಲ್ಯಾಟುಗಳಿಂದ, ಸರ್ಕಾರಿ ಕ್ವಾರ್ಟರ್ಸ್‌ಗಳಿಂದ ನಮ್ಮಂಥ ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳಿಗೆ ಒಂದೇ ಥರದ ಫೋನು ಬರುತ್ತದೆ: ‘ಎಸಿ ತಂದೀವ್ರೀ, ಒಂದು ಪಾಯಿಂಟ್ ಎಳ್ದು ಕೊಡ್ರಿ ಸಾಕು.’ ಯಂತ್ರ ಆಗಲೇ ಹಾಲ್‌ಗೆ ಬಂದು ಕೂತಿರುತ್ತದೆ. ಗೋಡೆ ಕೊರೆಯುವ ಹುಡುಗರು ಮಾರನೇ ದಿನ ಬರುವವರಿರುತ್ತಾರೆ. ನಾನು ಮನೆಯೊಳಗೆ ಹೋಗುವ ಮುಂಚೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಹತ್ತಿರ ನಿಲ್ಲುತ್ತೇನೆ. ಆ ಮನೆಗೆ ಎಸಿ ಹಾಕಬಹುದೋ ಇಲ್ಲವೋ ಎನ್ನುವುದು ಅಲ್ಲೇ ಅರ್ಧ ತೀರ್ಮಾನವಾಗುತ್ತದೆ.

ನಮ್ಮೂರಿನ ಈ ಕಟ್ಟಡಗಳು ಹೆಚ್ಚಾಗಿ ಮೂರು-ನಾಲ್ಕು ಅಂತಸ್ತಿನವು. ಕಟ್ಟಿದ ಕಾಲಕ್ಕೆ ಒಂದು ಮನೆ ಅಂದರೆ ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು, ಒಂದು ಟಿವಿ. ಮಂಜೂರಾದ ಲೋಡು, ಅಂದರೆ ಆ ಮನೆ ಒಮ್ಮೆಗೆ ಎಳೆಯಲು ವಿದ್ಯುತ್ ಕಂಪನಿ ಒಪ್ಪಿದ ಮಿತಿ, ಒಂದು ಇಲ್ಲವೇ ಎರಡು ಕಿಲೋವ್ಯಾಟ್. ಆಮೇಲೆ ಫ್ರಿಜ್ಜು, ಗೀಸರ್, ವಾಷಿಂಗ್ ಮಷೀನು ಒಂದೊಂದಾಗಿ ಸೇರಿಕೊಂಡವು, ವೈರು ಮಾತ್ರ ಅದೇ ಉಳಿಯಿತು. ಒಂದೂವರೆ ಟನ್ (ಇದು ತೂಕವಲ್ಲ, ತಂಪು ಕೊಡುವ ಶಕ್ತಿಯ ಅಳತೆ) ಎಸಿ ಪೂರ್ತಿ ಓಡುವಾಗ ಹತ್ತಿರ ಹತ್ತಿರ ಒಂದೂವರೆ ಕಿಲೋವ್ಯಾಟ್, ಅಂದರೆ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದೂ ಒಂದೆರಡು ನಿಮಿಷ ಅಲ್ಲ, ಬಿಟ್ಟು ಬಿಟ್ಟು ರಾತ್ರಿಯಿಡೀ.

ಇದರಿಂದ ಏನಾಗುತ್ತದೆ ಅಂತ ತಿಳಿಯಬೇಕಾದರೆ ಒಂದು ಹಳೆ ಜಂಕ್ಷನ್ ಬಾಕ್ಸ್ ಬಿಚ್ಚಿ ನೋಡಬೇಕು. ಒಳಗೆ ಎರಡು ಅಲ್ಯೂಮಿನಿಯಂ ವೈರುಗಳನ್ನು ಕೈಯಲ್ಲೇ ತಿರುಚಿ, ಮೇಲೆ ಕಪ್ಪು ಬಟ್ಟೆ ಟೇಪು ಸುತ್ತಿರುತ್ತಾರೆ. ಟೇಪು ಒಣಗಿ ಗಟ್ಟಿಯಾಗಿ, ಮುಟ್ಟಿದರೆ ಪುಡಿಪುಡಿಯಾಗುತ್ತದೆ. ಅಲ್ಯೂಮಿನಿಯಂ ಮೇಲೆ ಕರೆಂಟು ಸರಾಗವಾಗಿ ಹರಿಯಲು ಬಿಡದ ಆಕ್ಸೈಡ್ ಪದರ ಕಟ್ಟುತ್ತದೆ. ಕಾಯುವುದು, ಆರುವುದು ವರ್ಷಗಟ್ಟಲೆ ನಡೆದು ಜಾಯಿಂಟು ಸಡಿಲವಾಗುತ್ತದೆ. ಎರಡು ಆಂಪಿಯರ್ ಹರಿಯುವವರೆಗೆ ಅದು ಹೇಗೋ ತಡೆದುಕೊಳ್ಳುತ್ತದೆ. ಕರೆಂಟು ಎಂಟು ಆಂಪಿಯರ್‌ಗೆ ಏರಿದರೆ ನಾಲ್ಕು ಪಟ್ಟಾಯಿತು, ಆದರೆ ಆ ಜಾಯಿಂಟಿನಲ್ಲಿ ಹುಟ್ಟುವ ಬಿಸಿ ಹದಿನಾರು ಪಟ್ಟು. ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಬಂತು ಅಂದರೆ ಬೆಂಕಿ ತೀರಾ ದೂರ ಇಲ್ಲ ಅಂತಲೇ ತಿಳಿಯಿರಿ. ಅದಕ್ಕೇ ಹಳೆ ಪ್ಲಗ್ ಪಾಯಿಂಟಿನಿಂದ ಎಸಿಗೆ ಕರೆಂಟು ಕೊಡಲು ನಾನು ಒಪ್ಪುವುದಿಲ್ಲ. ಮೀಟರಿನಿಂದಲೇ ಬೇರೆ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ 20 ಆಂಪಿಯರ್ ಎಂಸಿಬಿ ಸ್ವಿಚ್ಚು, ಜೊತೆಗೆ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು. ಹಳೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಕಟ್ಟಿ ‘ಈಗ ಹೋಗಲ್ಲ ಬಿಡ್ರಿ’ ಅನ್ನುವವರನ್ನು ಹತ್ತಿರ ಸೇರಿಸಬೇಡಿ.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಅದರ ಬಗ್ಗೆಯೂ ಹೇಳಬೇಕು. ಎಷ್ಟೋ ಹಳೆ ಮನೆಗಳಲ್ಲಿ ಅರ್ಥ್ ವೈರನ್ನು ನಲ್ಲಿ ಪೈಪಿಗೆ ಕಟ್ಟಿರುತ್ತಾರೆ. ಕಬ್ಬಿಣದ ಪೈಪು ಇದ್ದಾಗ ಅದು ಹೇಗೋ ನಡೆಯುತ್ತಿತ್ತು. ಈಗ ಪೈಪೆಲ್ಲ ಪ್ಲಾಸ್ಟಿಕ್, ಹಾಗಾಗಿ ಆ ವೈರು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಅಂಥ ಮನೆಯಲ್ಲಿ ಔಟ್‌ಡೋರ್ ಯೂನಿಟ್ಟನ್ನು ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ ತಾಗಿಸಿ ಇಟ್ಟರೆ, ಒದ್ದೆ ಬಟ್ಟೆ ಒಣಹಾಕಲು ಬಂದವರು ಅದೇ ಗ್ರಿಲ್ಲು ಹಿಡಿಯುತ್ತಾರೆ, ಯೂನಿಟ್ಟಿನಲ್ಲಿ ಕರೆಂಟು ಸೋರಿದ್ದರೆ ಶಾಕ್ ಹೊಡೆಯುವುದು ಅವರಿಗೇ.

ಇನ್ನು ನ್ಯೂಟ್ರಲ್. ನನ್ನನ್ನು ಎಲ್ಲಕ್ಕಿಂತ ಕಾಡುವುದು ಇದೇ. ಕಟ್ಟಡಕ್ಕೆ ನಮ್ಮ ವಿದ್ಯುತ್ ಕಂಪನಿ ಬೆಸ್ಕಾಂನಿಂದ ಬರುವುದು ಕರೆಂಟು ತರುವ ಮೂರು ಫೇಸು ವೈರು, ಅದು ಮರಳಿ ಹೋಗುವ ಒಂದು ನ್ಯೂಟ್ರಲ್ ವೈರು. ಮನೆಗಳನ್ನು ಮೂರೂ ಫೇಸಿಗೆ ಹಂಚಿರುತ್ತಾರೆ. ಮೂರರಲ್ಲೂ ಲೋಡು ಸಮನಾಗಿದ್ದರೆ ನ್ಯೂಟ್ರಲ್ ವೈರಿನಲ್ಲಿ ಕರೆಂಟು ಹೆಚ್ಚೇನೂ ಹರಿಯುವುದಿಲ್ಲ. ಒಂದೇ ಫೇಸಿನ ಮೇಲಿರುವ ನಾಲ್ಕು ಮನೆಯವರು ಎಸಿ ಹಾಕಿಸಿಕೊಂಡರೆ ರಾತ್ರಿ ಹತ್ತರ ಮೇಲೆ ಅಷ್ಟೂ ಭಾರ ನ್ಯೂಟ್ರಲ್ ಮೇಲೆ ಬೀಳುತ್ತದೆ. ಮೀಟರ್ ಬೋರ್ಡಿನ ಹಳೆ ನ್ಯೂಟ್ರಲ್ ಲಿಂಕಿನಲ್ಲಿ ಒಂದು ಸ್ಕ್ರೂ ಸಡಿಲ ಇದ್ದರೂ ಸಾಕು, ಕಾದು ಕಾದು ಸುಟ್ಟು ಕಳಚಿಕೊಳ್ಳುತ್ತದೆ. ಆಗ ಎಸಿ ಓಡುತ್ತಿರುವ ಮನೆಯಲ್ಲಿ ವೋಲ್ಟೇಜು ಕುಸಿಯುತ್ತದೆ, ಬೇರೆ ಫೇಸಿನಲ್ಲಿ ಬರೀ ಫ್ಯಾನು ಹಾಕಿಕೊಂಡು ಮಲಗಿದವರ ಮನೆಯಲ್ಲಿ 230 ವೋಲ್ಟಿನಿಂದ 300 ದಾಟಿ ಏರುತ್ತದೆ. ಟಿವಿ, ಫ್ರಿಜ್ಜು, ಬಲ್ಬು ಸುಡುವುದು ಅವರದು. ಎಸಿ ಕೊಳ್ಳುವ ಶಕ್ತಿ ಇಲ್ಲದವರ ಸಾಮಾನು ಪಕ್ಕದ ಮನೆಯ ಎಸಿಯಿಂದ ಹಾಳಾಗುವುದು ನ್ಯಾಯವಲ್ಲ. ಆದ್ದರಿಂದಲೇ ಎಸಿ ವಿಚಾರವನ್ನು ಇಡೀ ಕಟ್ಟಡದವರು ಕೂತು ಮಾತಾಡಿ ಎಂದು ಹೇಳುತ್ತೇನೆ. ಸೇರಿ ದುಡ್ಡು ಹಾಕಿ ಮುಖ್ಯ ಕೇಬಲ್, ನ್ಯೂಟ್ರಲ್ ಲಿಂಕ್, ಅರ್ಥ್ ಪಿಟ್ ಮೊದಲು ಸರಿಮಾಡಿಸಿ, ಲೋಡನ್ನು ಮೂರು ಫೇಸಿಗೂ ಸರಿಯಾಗಿ ಹಂಚಿಸಿ. ಮನೆಮನೆಗೆ ಬರುವ ಖರ್ಚು ಎಸಿ ಬೆಲೆಯ ಮುಂದೆ ದೊಡ್ಡದಲ್ಲ.

ಗೋಡೆಯ ಕಡೆ ಬರೋಣ. ಒಂದೂವರೆ ಟನ್ನಿನ ಔಟ್‌ಡೋರ್ ಯೂನಿಟ್ಟು 25ರಿಂದ 35 ಕಿಲೋ ತೂಗುತ್ತದೆ, ಮೇಲೆ ಅದುರುತ್ತಲೂ ಇರುತ್ತದೆ. ಕಿಟಕಿ ಮೇಲಿನ ಸಜ್ಜಾ ಕಣ್ಣಿಗೆ ಒಳ್ಳೆ ಜಾಗದ ಹಾಗೆ ಕಾಣುತ್ತದೆ. ಆದರೆ ಸಜ್ಜಾ ಒಂದೇ ಕಡೆ ಹಿಡಿತ ಇರುವ ತೆಳ್ಳನೆಯ ಸ್ಲ್ಯಾಬು, ಅದರ ಜೀವ ಇರುವುದು ಮೇಲ್ಭಾಗದ ಕಬ್ಬಿಣದಲ್ಲಿ. ಟ್ಯಾಂಕು ತುಂಬಿ ಸೋರಿದ ನೀರು, ಮಳೆ ನೀರು ಮೊದಲು ನಿಲ್ಲುವುದೂ ಅಲ್ಲೇ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ. ಅಡಿಯಲ್ಲಿ ಉದ್ದಕ್ಕೆ ಬಿರುಕು, ಕೆಂಪು ಕಲೆ ಕಂಡರೆ ಅಲ್ಲಿ ಹೂವಿನ ಕುಂಡವನ್ನೂ ಇಡಬಾರದು. ನಾಲ್ಕೂವರೆ ಇಂಚಿನ ಗೋಡೆಯಾದರೆ ಬರೀ ಆಂಕರ್ ಬೋಲ್ಟು ನಂಬುವಂತಿಲ್ಲ, ಬೋಲ್ಟನ್ನು ಆರಪಾರ ತೂರಿಸಿ ಒಳಗಡೆ ಪ್ಲೇಟು ಕೊಟ್ಟು ಬಿಗಿಯಬೇಕು. ಪೈಪಿಗೆ ತೂತು ಕೊರೆಯುವಾಗ ಬೀಮು, ಪಿಲ್ಲರ್ ಮುಟ್ಟಲೇಬಾರದು. ನೀವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಸರ್ಕಾರಿ ಕ್ವಾರ್ಟರ್ಸ್ ಆದರೆ ಗೋಡೆ ಕೊರೆಯುವ ಮುಂಚೆ ಇಲಾಖೆಯ ಲಿಖಿತ ಒಪ್ಪಿಗೆ ಪಡೆಯಿರಿ.

ಇನ್ನೊಂದು ಮಾತು. ಯೂನಿಟ್ಟನ್ನು ಎಲ್ಲೇ ಇಟ್ಟರೂ ವರ್ಷಕ್ಕೊಮ್ಮೆ ಸರ್ವೀಸಿಗೆ ಒಬ್ಬ ಹುಡುಗ ಅಲ್ಲಿಗೆ ಹತ್ತಬೇಕು. ಮೂರನೇ ಮಹಡಿಯ ಸಜ್ಜಾ ಮೇಲೆ ಹಗ್ಗವಿಲ್ಲದೆ ನಿಲ್ಲುವ ಆ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಹಿಂಡುತ್ತದೆ. ಬಾಲ್ಕನಿಯ ನೆಲದ ಮೇಲೆ, ಗಾಳಿ ಹೊರಕ್ಕೆ ಬೀಸುವಂತೆ ಇಡುವುದೇ ಮೇಲು. ಮೇಲಿನ ಅಂತಸ್ತಿನವರಾದರೆ ತಾರಸಿಯ ಮೇಲೆ ಸ್ಟ್ಯಾಂಡು ಹಾಕಿ ಇಡಬಹುದು. ಎರಡು ಬ್ಲಾಕುಗಳ ನಡುವಿನ ಇಕ್ಕಟ್ಟಿನ ಸಂದಿಯಲ್ಲಿ ಸಾಲಾಗಿ ನೇತುಹಾಕಿದರೆ ಕೆಳಗಿನವರ ಬಿಸಿಗಾಳಿಯನ್ನೇ ಮೇಲಿನ ಯೂನಿಟ್ಟು ಎಳೆದುಕೊಳ್ಳುತ್ತದೆ, ತಂಪು ಕಡಿಮೆಯಾಗಿ ಬಿಲ್ಲು ಏರುತ್ತದೆ. ಎಸಿಯಿಂದ ಹನಿಯುವ ನೀರಿಗೆ ಪೈಪು ಹಾಕಿ ನೆಲದವರೆಗೆ ಇಳಿಸಿ. ಕೆಳಮನೆಯ ಗೋಡೆಗೆ ಬಿಡಬೇಡಿ.

ಬಿಲ್ಲು ಅಂದೆನಲ್ಲ, ಗೃಹಜ್ಯೋತಿ ಇರುವ ಮನೆಯವರು ಲೆಕ್ಕ ಹಾಕಲೇಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಇನ್ವರ್ಟರ್ ಎಸಿ, ಅಂದರೆ ಕೋಣೆ ತಂಪಾದಂತೆ ತಾನೇ ವೇಗ ತಗ್ಗಿಸುವ ಎಸಿ, ರಾತ್ರಿ ಎಂಟು ಗಂಟೆ ಓಡಿದರೆ ಐದಾರು ಯೂನಿಟ್ ತೆಗೆದುಕೊಳ್ಳಬಹುದು. ಅದೊಂದರಿಂದಲೇ ತಿಂಗಳಿಗೆ 150–180 ಯೂನಿಟ್ ಆಯಿತು. 2020ರ ಜನವರಿಯಿಂದ ಸ್ಟಾರ್ ಇರುವ ಹೊಸ ಎಸಿಗಳೆಲ್ಲ 24 ಡಿಗ್ರಿಗೆ ಸೆಟ್ ಆಗಿಯೇ ಬರುತ್ತವೆ, ಅದನ್ನು 18ಕ್ಕೆ ಇಳಿಸಬೇಡಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಲೆಕ್ಕ.

ಎಸಿಗೆ ಹೆಚ್ಚು ಆಸೆಪಡುವವರು ಮೇಲಿನ ಅಂತಸ್ತಿನವರೇ, ಅದರಲ್ಲಿ ತಪ್ಪಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯೆಲ್ಲ ಬಿಸಿ ಇಳಿಸುತ್ತದೆ. ಆದರೆ ಅವರಿಗೆ ನಾನು ಮೊದಲು ಹೇಳುವುದು ತಾರಸಿಗೆ ಬಿಳಿ ಕೂಲ್ ಪೇಂಟೋ ಸುಣ್ಣವೋ ಬಳಿಸಿ ಅಂತ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮಾರ್ಚ್, ಏಪ್ರಿಲ್ ಬಿಸಿಲು ಒಣ ಬಿಸಿಲು. ಕಿಟಕಿ ತೆರೆದಿಟ್ಟು ಕೂಲರ್ ಹಾಕಿದರೆ ಚೆನ್ನಾಗಿಯೇ ತಂಪು ಕೊಡುತ್ತದೆ, ನೀರಿನ ಅನುಕೂಲ ಇದ್ದರೆ. ಇಷ್ಟಾದ ಮೇಲೂ ಎಸಿ ಬೇಕೆನಿಸಿದರೆ ಹಾಕಿಸಿ, ವಯಸ್ಸಾದವರು, ಹಸುಗೂಸು ಇರುವ ಮನೆಗೆ ಅದು ಶೋಕಿಯಲ್ಲ. ತಾರಸಿಗೆ ಬಿಳಿ ಬಳಿದಿದ್ದರೆ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ನೇ ಸಾಕಾಗುತ್ತದೆ, ವೈರಿನ ಮೇಲಿನ ಭಾರವೂ ಅಷ್ಟು ಇಳಿಯುತ್ತದೆ.

ಲೋಡು ಹೆಚ್ಚಿಸುವ ಅರ್ಜಿಯನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಬೆಸ್ಕಾಂಗೆ ಕೊಡಿ, ಕಟ್ಟಡದವರೆಲ್ಲ ಒಟ್ಟಿಗೇ ಕೊಡಿ. ಬೀದಿಯ ಟ್ರಾನ್ಸ್‌ಫಾರ್ಮರ್ ಆ ಭಾರ ತಡೆಯುತ್ತದೋ ಇಲ್ಲವೋ ಅಂತ ಅವರು ಒಂದೇ ಸಲ ನೋಡಲು ಆಗುತ್ತದೆ. ಜನವರಿಯಲ್ಲೇ ಕೊಟ್ಟರೆ ಕೇಬಲ್ ಬದಲಿಸಲು, ಫೇಸು ಹಂಚಲು ಎಲ್ಲರಿಗೂ ಸಮಯ ಸಿಗುತ್ತದೆ.