‘ಚೆನ್ನಾಗಿದೆ ಕಣಪ್ಪ’ ಅಂದರೆ ಬೇಡ ಅಂತಲೂ ಅರ್ಥ: ಆರೈಕೆ ರೋಬೋಟ್‌ಗಳ ಹಿನ್ನೆಲೆ

ವೃದ್ಧಾಶ್ರಮಕ್ಕೆ ರೋಬೋಟ್ ಒಯ್ದು ‘ಹೇಗಿದೆ ಅಜ್ಜಿ?’ ಎಂದರೆ ‘ಚೆನ್ನಾಗಿದೆ ಕಣಪ್ಪ’ ಎನ್ನುತ್ತಾರೆ. ಬಂದವರ ಮನಸ್ಸು ನೋಯಬಾರದೆಂಬ ಮರ್ಯಾದೆ ಅದು. ಮೆಚ್ಚುಗೆ ಎಂದು ಬರೆದುಕೊಂಡವರು ಮೋಸಹೋಗುತ್ತಾರೆ. ಮಾಡಿ ಮುಗಿಸಿದ ಮೇಲೆ ಕೇಳಿದರೆ ಸಿಗುವ ಉತ್ತರ ಇಷ್ಟೇ.

ಮಾಡುವ ಮುಂಚೆಯೇ ಕೇಳಬೇಕೆಂಬ ಪಾಠ ಹುಟ್ಟಿದ್ದು ರೋಬೋಟ್ ಲ್ಯಾಬಿನಲ್ಲಲ್ಲ, ಕಾರ್ಮಿಕ ಸಂಘಗಳಲ್ಲಿ. 1970ರ ದಶಕದ ಆರಂಭದಲ್ಲಿ ನಾರ್ವೆಯ ಲೋಹ ಕಾರ್ಮಿಕರು, ಕಾರ್ಖಾನೆಗೆ ಬರುವ ಕಂಪ್ಯೂಟರಿನ ವಿಷಯದಲ್ಲಿ ತಮ್ಮ ಮಾತೂ ನಡೆಯಬೇಕೆಂದು ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟನ್ ನ್ಯೂಗಾರ್ಡ್ ಜೊತೆ ಕೆಲಸ ಮಾಡಿದರು. 1981ರಲ್ಲಿ ಶುರುವಾದ ಯುಟೋಪಿಯಾ ಯೋಜನೆಯಲ್ಲಿ ಸ್ಕ್ಯಾಂಡಿನೇವಿಯಾದ ಮುದ್ರಣ ಕಾರ್ಮಿಕರು ಖಾಲಿ ರಟ್ಟಿನ ಡಬ್ಬವನ್ನೇ ಲೇಸರ್ ಪ್ರಿಂಟರ್ ಎಂದುಕೊಂಡು ಕೆಲಸ ಮಾಡಿ ನೋಡಿದರು.

ಆರೈಕೆಯ ಯಂತ್ರಗಳಲ್ಲಿ ಈ ಪಾಠ ತಡವಾಗಿ, ತುಣುಕು ತುಣುಕಾಗಿ ಬಂತು. 1987ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಹ್ಯಾಂಡಿ 1 ಎಂಬ ರೋಬೋಟ್ ತೋಳು ತಯಾರಾದದ್ದು ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ 11 ವರ್ಷದ ಒಬ್ಬ ಹುಡುಗ ತಾನೇ ಊಟ ಮಾಡಲೆಂದು. ಆಮೇಲೆ ಅದಕ್ಕೆ ಮುಖ ತೊಳೆಯುವ, ಹಲ್ಲುಜ್ಜುವ ತಟ್ಟೆಗಳು, ಮೇಕಪ್ಪಿನ ತಟ್ಟೆಯೂ ಸೇರಿದವು. ಮಡಿಲಲ್ಲಿಟ್ಟು ಮುದ್ದಿಸುವ ಸೀಲ್ ಮರಿಯ ರೂಪದ ಜಪಾನಿನ ರೋಬೋಟ್ ಪಾರೋ ಮೊದಲು ಬೆಕ್ಕಾಗಿಯೂ ಪ್ರಯೋಗಕ್ಕೆ ಬಂದಿತ್ತು. ಜನ ನಿಜವಾದ ಬೆಕ್ಕಿಗೆ ಹೋಲಿಸಿ ನಿರಾಶರಾದರು. ಸೀಲ್ ಮರಿಯನ್ನು ಮಡಿಲಲ್ಲಿ ಸಾಕಿದವರು ಯಾರಿದ್ದಾರೆ? ಅದು ಗೆದ್ದಿತು. ಇನ್ನೊಂದು ತುದಿಯಲ್ಲಿ 2015ರ ರೋಬೇರ್: ಹಾಸಿಗೆಯಿಂದ ರೋಗಿಯನ್ನು ಎತ್ತುವ, 140 ಕಿಲೋ ತೂಕದ, ಕರಡಿ ಮುಖದ ಜಪಾನಿ ರೋಬೋಟ್. ಪತ್ರಿಕೆಗಳಲ್ಲಿ ಮೆರೆಯಿತು, ಮಾರುಕಟ್ಟೆಗೆ ಬರಲೇ ಇಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯನ್ನೇ ಆಶ್ರಮ ಮಾಡಿಕೊಂಡ ಕಡೆ ಮೊದಲ ಎದುರಾಳಿ ಹೊಸಿಲು. ರೋಬೋಟಿನ ಕೆಳಗಿನ, ಎತ್ತ ಬೇಕಾದರೂ ತಿರುಗುವ 75 ಮಿ.ಮೀ. ವ್ಯಾಸದ ಕ್ಯಾಸ್ಟರ್ ಚಕ್ರ 20 ಮಿ.ಮೀ. ಹೊಸಿಲಿಗೆ ಮುಗ್ಗರಿಸುತ್ತದೆ. ತೆಗೆಸೋಣವೆಂದರೆ ಅದಕ್ಕೆ ಅರಿಶಿನ ಕುಂಕುಮ ಇಡುವವರು ಒಪ್ಪಬೇಕಲ್ಲ. 1:12ರ (12 ಪಾಲು ಉದ್ದಕ್ಕೆ 1 ಪಾಲು ಏರುವ) ಇಳಿಜಾರು ಹಲಗೆ ಹಾಕಿದರೆ ಎರಡೂ ಬದಿ 240 ಮಿ.ಮೀ. ಹೋಗುತ್ತದೆ, ವಾಕರ್ ಹಿಡಿದವರಿಗೆ ಅದೇ ಹೊಸ ಎಡವು. ಎರಡನೆಯದು ಮಂಚ. ನೆಲದಿಂದ 25 ಸೆಂ.ಮೀ. ಎತ್ತರದಲ್ಲಿ ಸುತ್ತುವ ಲೈಡಾರ್ (ಲೇಸರ್ ಬೆಳಕಿನಿಂದ ಅಡ್ಡಿಗಳ ದೂರ ಅಳೆಯುವ ಸಾಧನ) ಮಂಚದ ಕಾಲನ್ನು ಕಾಣುತ್ತದೆ, ಅಂಚನ್ನಲ್ಲ. ರೋಬೋಟಿನ ತಲೆ ಹೋಗಿ ಊಟದ ಟ್ರೇಗೆ ಬಡಿಯುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬೆಳಗಿನ ಪಾಳಿಯನ್ನು ಆಯಾಗಳ ಹಿಂದೆ ನಿಂತು ನೋಡಿ, ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ರೋಬೋಟ್ ಕೊಳ್ಳುವವರು ಮ್ಯಾನೇಜರ್, ಎದುರಿಗಿರುವವರು ಅಜ್ಜ, ದಿನವಿಡೀ ಅದನ್ನು ತಳ್ಳಾಡುವವರು ಆಯಾ. ಕೇಳಲು ಮರೆಯುವುದು ಯಾವಾಗಲೂ ಮೂರನೆಯವರನ್ನೇ. ಆಮೇಲೆ ನಿಜ ಅಳತೆಯ ರಟ್ಟಿನ ಪೆಟ್ಟಿಗೆಯನ್ನು ಟ್ರಾಲಿಗೆ ಕಟ್ಟಿ ಕಾರಿಡಾರಿನಲ್ಲಿ ಎಳೆದಾಡಿ. ಕತ್ತರಿ ಜೊತೆಗಿರಲಿ; ‘ಇಷ್ಟೆತ್ತರ ಬೇಡ’ ಎಂದ ತಕ್ಷಣ ಅಲ್ಲೇ ಕತ್ತರಿಸಬೇಕು. ಐದಾರು ಜನ, ತಿಂಡಿಯಾದ ಮೇಲೆ, ಅರ್ಧ ಗಂಟೆ ಸಾಕು. ಮ್ಯಾನೇಜರ್ ಹೊರಗಿರಲಿ. ‘ಏನು ಬೇಕು?’ ಎಂದರೆ ‘ಏನೂ ಬೇಡಪ್ಪ’. ಎರಡು ಮಾದರಿ ಮುಂದಿಟ್ಟು ‘ಯಾವುದನ್ನು ವಾಪಸ್ ಒಯ್ಯಲಿ?’ ಎಂದರೆ ಬೆರಳು ತಾನಾಗಿ ಏಳುತ್ತದೆ. ಮರೆವಿನ ಕಾಯಿಲೆ ಇದ್ದವರಲ್ಲಿ ನಿನ್ನೆಯ ಒಪ್ಪಿಗೆ ಇವತ್ತಿಗೆ ಸಲ್ಲದು. ಮುಖ ತಿರುಗಿಸಿದರೆ ಅವತ್ತಿಗೆ ಮುಗಿಯಿತು.

ಊಟದ ಯಂತ್ರವಂತೂ ಇಲ್ಲಿ ಬೇರೆಯದೇ ಲೆಕ್ಕ. 2002ರಲ್ಲಿ ಬಂದ ಜಪಾನಿನ ಮೈ ಸ್ಪೂನ್ ನಾಲ್ಕು ಖಾನೆಯ ತಟ್ಟೆಯಿಂದ ತುತ್ತಿನಳತೆಯ ತುಂಡುಗಳನ್ನು ಚಮಚ, ಫೋರ್ಕಿನ ನಡುವೆ ಹಿಡಿದು ಎತ್ತುತ್ತದೆ. ಸಾರನ್ನ ಸೋರುತ್ತದೆ, ಮುದ್ದೆ ಚಮಚಕ್ಕೆ ಅಂಟಿ ಬಾಯಿಗೆ ಬಿಡುವುದಿಲ್ಲ. ಬೆರಳಿನಿಂದ ಕಲೆಸುವಾಗಲೇ ಬಿಸಿ ತಿಳಿಯುವ ಅನುಕೂಲವೂ ತಪ್ಪುತ್ತದೆ. ಎಷ್ಟೋ ಮಂದಿಗೆ ಅಂಚು ಎತ್ತರಿಸಿದ, ಜಾರದ ತಟ್ಟೆಯೇ ಸಾಕು ಎಂದು ಈ ಹಂತದಲ್ಲಿ ಗೊತ್ತಾದರೆ ಅದು ಸೋಲಲ್ಲ, ಉಳಿದ ದುಡ್ಡು.

ಕಡೆಯ ಪರೀಕ್ಷೆ, ಎಂಜಿನಿಯರ್ ಇಲ್ಲದೆ ಎರಡು ವಾರ ಯಂತ್ರವನ್ನು ಅಲ್ಲೇ ಬಿಟ್ಟು ಬರುವುದು. ಸಾಫ್ಟ್‌ವೇರಿಗಿಂತ ಮುಂಚೆ ಪ್ಲಗ್ ಪಾಯಿಂಟ್ ಕೈಕೊಡುತ್ತದೆ. ಮಂಚದ ಪಕ್ಕ ಇರುವುದು ಒಂದೋ ಎರಡೋ. ಒಂದಕ್ಕೆ ಏರ್‌ಬೆಡ್ಡಿನ ಪಂಪು, ಇನ್ನೊಂದಕ್ಕೆ ಆಕ್ಸಿಜನ್ ಕಾನ್ಸಂಟ್ರೇಟರ್. ರೋಬೋಟಿನ ಚಾರ್ಜಿಂಗ್ ಡಾಕ್ ಅಲ್ಲಿ ಸಿಕ್ಕಿಸಿದ್ದರೆ ಆಯಾ ಮೊದಲು ಕೀಳುವುದು ಅದನ್ನೇ, ಕೀಳಬೇಕಾದದ್ದೂ ಅದನ್ನೇ.