ಬಿತ್ತನೆ ಗೆಡ್ಡೆ ಆರಿಸುವುದು ರಾಶಿಯಲ್ಲಲ್ಲ, ಗಿಡ ಹಸಿರಾಗಿರುವಾಗ

ಹಂಗಾಮು ಮುಗಿದಿತ್ತು. ಒಬ್ಬ ಮಹಿಳೆ ಬಟ್ಟೆಚೀಲದಲ್ಲಿ ಒಂದಷ್ಟು ಆಲೂಗೆಡ್ಡೆ ಹಾಕಿಕೊಂಡು ನನ್ನ ಬಳಿ ಬಂದರು. ಎಲ್ಲವೂ ಗೋಲಿಗಿಂತ ತುಸು ದೊಡ್ಡವು. ಹಿತ್ತಲಲ್ಲಿ ತಾವೇ ಬೆಳೆದದ್ದು, ಮೂರು ವರ್ಷದಿಂದ ಮನೆಯ ಗೆಡ್ಡೆಯನ್ನೇ ನೆಡುತ್ತಿದ್ದಾರೆ. ಪ್ರತಿ ಸಲವೂ ದೊಡ್ಡವನ್ನು ಅಡುಗೆಗೆ ಬಳಸಿ, ಸಣ್ಣವನ್ನು ಬಿತ್ತನೆಗೆಂದು ಎತ್ತಿಡುತ್ತಾರೆ. ಮೊದಲ ವರ್ಷ ಗಿಡಕ್ಕೆ ಒಂದು ಬೋಗುಣಿ ತುಂಬ ಬಂತಂತೆ, ಮರುವರ್ಷ ಅದರರ್ಧ, ಈ ಸಲ ಒಂದು ಹಿಡಿ. ಮಣ್ಣಿನ ಸಾರ ಹೋಯಿತೇ, ಗೊಬ್ಬರ ಸಾಲದಾಯಿತೇ ಎಂದು ತಿಳಿದುಕೊಳ್ಳಲು ಬಂದಿದ್ದರು.

ಗೆಡ್ಡೆ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳಿದ್ದು ಒಂದೇ: "ಇವನ್ನು ಕೊಟ್ಟ ಗಿಡ ನೋಡೋಕೆ ಹೇಗಿತ್ತಮ್ಮಾ?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, "ಅದು ಗೊತ್ತಿಲ್ಲ ಸರ್. ಎಲ್ಲಾ ಒಣಗಿದ ಮೇಲೆ ಅಗೆದು ಒಂದೇ ಕಡೆ ಸುರಿದುಬಿಟ್ಟೆ."

ಸಸ್ಯರೋಗದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ನನಗೆ ಸಂಕಟವಾಗುವುದು ಈ ಉತ್ತರ ಕೇಳಿದಾಗ. ಆಕೆಯದು ಸೋಮಾರಿತನವಲ್ಲ. ನೀರು, ಗೊಬ್ಬರ, ಕಳೆ ಎಲ್ಲದರಲ್ಲೂ ಕಾಳಜಿ ಇತ್ತು. ಆದರೆ ಬಿತ್ತನೆ ಗೆಡ್ಡೆಯ ಗುಣ ಗೊತ್ತಾಗುವುದು ಗಿಡದ ಎಲೆ ನೋಡಿದಾಗ. ಆ ಎಲೆ ಒಣಗಿ ಮಣ್ಣು ಸೇರಿದ ಮೇಲೆ ರಾಶಿಯ ಮುಂದೆ ಕೂತು ಎಷ್ಟು ಆರಿಸಿದರೂ ಕುರುಡು ಆಯ್ಕೆಯೇ.

ಯಾಕೆಂದರೆ ಆಲೂಗೆಡ್ಡೆ ಬೀಜವೂ ಅಲ್ಲ, ಬೇರೂ ಅಲ್ಲ. ಅದು ಕಾಂಡ. ನೆಲದೊಳಗೆ ಅಡ್ಡಕ್ಕೆ ಹರಿಯುವ ಎಳೆಯ ಕಾಂಡದ ತುದಿ ಊದಿಕೊಂಡು ಗೆಡ್ಡೆಯಾಗುತ್ತದೆ. ನಾವು ಕಣ್ಣು ಅನ್ನುವುದು ಕಾಂಡದ ಮೇಲಿನ ಮೊಗ್ಗುಗಳನ್ನು. ಗೆಡ್ಡೆ ನೆಟ್ಟರೆ ಹೊಸ ಗಿಡ ಹುಟ್ಟಿತು ಅನಿಸಿದರೂ, ನಿಜವಾಗಿ ಹಳೆಯ ಗಿಡವೇ ಮತ್ತೆ ಚಿಗುರಿದೆ. ಅದರ ರುಚಿ, ಬಣ್ಣ, ಇಳುವರಿಯ ಶಕ್ತಿ ಹಾಗೇ ಮುಂದುವರಿಯುತ್ತವೆ. ಅದರ ಮೈಯೊಳಗೆ ಸೇರಿದ್ದ ನಂಜಾಣುಗಳೂ, ಅಂದರೆ ವೈರಸ್‌ಗಳೂ, ಮುಂದುವರಿಯುತ್ತವೆ. ಹೂ ಬಿಟ್ಟು ಕಾಯಿಯಾದಾಗ ಒಳಗಿರುತ್ತದಲ್ಲ ಸಣ್ಣ ಬೀಜ, ಅದಕ್ಕೆ ಹೆಚ್ಚಿನ ನಂಜಾಣುಗಳು ದಾಟುವುದಿಲ್ಲ. ಗೆಡ್ಡೆಗೆ ಸಲೀಸಾಗಿ ದಾಟುತ್ತವೆ. ಹಾಗಂತ ಆ ಬೀಜ ಬಿತ್ತಿದರೆ ತಾಯಿಯಂಥ ಗಿಡ ಬರುವುದಿಲ್ಲ, ಒಂದೊಂದು ಸಸಿಯೂ ಒಂದೊಂದು ಬಗೆ. ಆ ಕಾಯಿ ನೋಡಲು ಹಸಿರು ಟೊಮೆಟೊ ಹಾಗಿದ್ದರೂ ವಿಷ, ಮಕ್ಕಳ ಕೈಗೆ ಸಿಗಬಾರದು.

ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಯುರೋಪಿನ ರೈತರು 18ನೇ ಶತಮಾನದಲ್ಲೇ ಗಮನಿಸಿದ್ದರು. ತಳಿಗೆ ವಯಸ್ಸಾಯಿತು, ಮುಪ್ಪು ಬಂತು ಎಂದೇ ಬಹಳ ಕಾಲ ನಂಬಿದ್ದರು. ಅದು ಮುಪ್ಪಲ್ಲ, ಗೆಡ್ಡೆಯಿಂದ ಗೆಡ್ಡೆಗೆ ಸಾಗಿ ಬರುವ ಸೋಂಕು ಎಂದು ಸ್ಪಷ್ಟವಾದದ್ದು 20ನೇ ಶತಮಾನದಲ್ಲಿ. 1950ರ ದಶಕದಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಚಿಗುರಿನ ತುತ್ತತುದಿಯ ಕಣದಷ್ಟು ಭಾಗವನ್ನು ಕತ್ತರಿಸಿ, ಗಾಜಿನ ನಳಿಕೆಯಲ್ಲಿ ಬೆಳೆಸಿ, ನಂಜಿಲ್ಲದ ಗಿಡ ಪಡೆದು ತೋರಿಸಿದರು. ಹಳೆಯ ತಳಿಗಳು ಮತ್ತೆ ಮೊದಲಿನಂತೆ ಬೆಳೆದವು. ತಳಿ ಎಂದೂ ಸೋತಿರಲಿಲ್ಲ. ಇವತ್ತು ಪ್ರಮಾಣಿತ ಬಿತ್ತನೆ ಗೆಡ್ಡೆಯ ಮೂಲ ಸಾಮಾನ್ಯವಾಗಿ ಇಂಥ ಅಂಗಾಂಶ ಕೃಷಿಯ ಗಿಡವೇ.

ಈಗ ಆ ಸಣ್ಣ ಗೆಡ್ಡೆಗಳ ವಿಷಯಕ್ಕೆ ಬರುತ್ತೇನೆ. ಸಣ್ಣದು ಅನ್ನುವುದೇ ದೋಷವಲ್ಲ. ಆರೋಗ್ಯವಾದ ಗಿಡದ ಬುಡದಲ್ಲೂ ನಾಲ್ಕು ಸಣ್ಣ ಗೆಡ್ಡೆ ಇದ್ದೇ ಇರುತ್ತವೆ, ಅವನ್ನು ನೆಟ್ಟರೆ ಒಳ್ಳೆಯ ಬೆಳೆಯೇ ಬರುತ್ತದೆ. ತೊಂದರೆ ಏನೆಂದರೆ, ನಂಜು ತಗುಲಿದ ಗಿಡದಲ್ಲಿ ಇರುವುದೆಲ್ಲ ಸಣ್ಣ ಗೆಡ್ಡೆಗಳೇ. ಎಲ್ಲ ಗಿಡದ್ದನ್ನೂ ಒಟ್ಟಿಗೆ ಸುರಿದು ಸಣ್ಣವನ್ನು ಹೆಕ್ಕಿದರೆ, ನಮಗೆ ಗೊತ್ತಿಲ್ಲದಂತೆ ರೋಗದ ಗಿಡದ ಗೆಡ್ಡೆಗಳನ್ನೇ ಹೆಚ್ಚಾಗಿ ಹೆಕ್ಕಿರುತ್ತೇವೆ. ಮರುವರ್ಷ ರೋಗದ ಗಿಡಗಳ ಪಾಲು ಹೆಚ್ಚುತ್ತದೆ, ಸಣ್ಣ ಗೆಡ್ಡೆಗಳೂ ಹೆಚ್ಚುತ್ತವೆ. ಮತ್ತೆ ಅವೇ ಬಿತ್ತನೆಗೆ ಹೋಗುತ್ತವೆ. ಮೂರು ವರ್ಷದಲ್ಲಿ ಬೋಗುಣಿ ಹಿಡಿಯಾದದ್ದು ಹೀಗೆ.

ಇದಕ್ಕೆ ನಾನು ಹೇಳಿಕೊಡುವ ಉಪಾಯಕ್ಕೆ ಖರ್ಚಿಲ್ಲ. ಗಿಡಗಳು ಹೂ ಬಿಡುವ ಹೊತ್ತಿಗೆ, ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುವ ಮೊದಲು, ಒಂದೊಂದು ಗಿಡದ ಮುಂದೆಯೂ ನಿಲ್ಲಿ. ಎಲೆ ಅಗಲವಾಗಿ, ಒಂದೇ ಹಸಿರಾಗಿ, ಕಾಂಡ ದಪ್ಪಗಿರುವ ಗಿಡಗಳ ಬುಡದಲ್ಲಿ ಒಂದೊಂದು ಕಡ್ಡಿ ನೆಡಿ. ಎರಡು ವಾರ ಬಿಟ್ಟು ಮತ್ತೆ ನೋಡಿ. ಈ ನಡುವೆ ಯಾವುದಾದರೂ ಕಳೆಗುಂದಿದ್ದರೆ ಕಡ್ಡಿ ಕಿತ್ತುಬಿಡಿ. ಕೊನೆಯವರೆಗೂ ಕಡ್ಡಿ ಉಳಿದ ಗಿಡಗಳನ್ನು ಮಾತ್ರ ಮೊದಲು, ಬೇರೆಯಾಗಿ ಅಗೆಯಿರಿ. ಅಗೆದಾಗ ಬುಡದಲ್ಲಿ ಗೆಡ್ಡೆ ಕಡಿಮೆ ಇದ್ದರೆ ಅದನ್ನೂ ಅಡುಗೆಮನೆಗೆ ಕಳಿಸಿ. ಪೆರುವಿನ ಲಿಮಾದಲ್ಲಿ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಆಫ್ರಿಕಾದ ಸಣ್ಣ ರೈತರ ನಡುವೆ ಪ್ರಚಾರ ಮಾಡಿದ್ದು ಇದೇ ಕ್ರಮವನ್ನು. ಒಳ್ಳೆಯ ಗಿಡ ಗುರುತಿಸಲು ಪ್ರಯೋಗಾಲಯ ಬೇಡ, ಬೆಳಗಿನ ಅರ್ಧ ಗಂಟೆ ಸಾಕು. ಮೋಡ ಮುಸುಕಿದ ದಿನವಾದರೆ ಇನ್ನೂ ಒಳ್ಳೆಯದು. ಬಿಸಿಲಿನ ಹೊಳಪಿನಲ್ಲಿ ಎಲೆಯ ಮೇಲಿನ ಮಚ್ಚೆ ಕಣ್ಣಿಗೆ ಬೀಳುವುದಿಲ್ಲ.

ಯಾವುದು ರೋಗದ ಗಿಡ? ಎಲೆಸುರುಳಿ ನಂಜು ಗೆಡ್ಡೆಯ ಮೂಲಕ ಬಂದಿದ್ದರೆ ಮೊದಲು ಕೆಳಗಿನ ಎಲೆಗಳು ಅಂಚಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತವೆ. ಮುಟ್ಟಿದರೆ ಚರ್ಮದ ಹಾಗೆ ಬಿರುಸು, ಗಿಡ ಅಲ್ಲಾಡಿಸಿದರೆ ಕಾಗದದಂತೆ ಸದ್ದು. ಬಾಯಾರಿದ ಗಿಡದ ಎಲೆ ಜೋಲುತ್ತದೆ, ಈ ಸದ್ದು ಬರುವುದಿಲ್ಲ. ಇನ್ನೊಂದು ಗುಂಪಿನ ನಂಜುಗಳು ಎಲೆಯಲ್ಲಿ ತಿಳಿಹಸಿರು, ಕಡುಹಸಿರು ತೇಪೆ ಮೂಡಿಸುತ್ತವೆ, ಎಲೆ ಸುಕ್ಕುಗಟ್ಟುತ್ತದೆ, ಗಿಡ ಗಿಡ್ಡವಾಗುತ್ತದೆ. ಇಂಥ ಗಿಡ ಕಂಡ ದಿನವೇ ಗೆಡ್ಡೆ ಸಮೇತ ಕಿತ್ತು ತೆಗೆಯಬೇಕು. ನಂಜು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆ ಗೆಡ್ಡೆಗಳನ್ನು ಧಾರಾಳವಾಗಿ ತಿನ್ನಬಹುದು.

ಎರಡೂ ಬಗೆಯ ನಂಜನ್ನು ಗಿಡದಿಂದ ಗಿಡಕ್ಕೆ ಹೊರುವುದು ಹೆಚ್ಚಾಗಿ ಸಸ್ಯಹೇನು. ಹೊರುವ ರೀತಿ ಮಾತ್ರ ಬೇರೆ. ಎಲೆಸುರುಳಿಯ ನಂಜು ಅಂಟಬೇಕಾದರೆ ಹೇನು ರೋಗದ ಗಿಡದಲ್ಲಿ ಬಹಳ ಹೊತ್ತು ಕೂತು ರಸ ಹೀರಬೇಕು, ನಂಜು ಅದರ ಮೈಯಲ್ಲೆಲ್ಲ ಹರಿಯಬೇಕು. ಹೇನು ಹತೋಟಿಗೆ ತಂದರೆ ಇದು ತಗ್ಗುತ್ತದೆ. ತೇಪೆ ಮೂಡಿಸುವ ವೈ ನಂಜು ಹಾಗಲ್ಲ. ಹೇನು ಹಾರುತ್ತಾ ಬಂದು ಒಂದು ಕ್ಷಣ ಮೂತಿ ಚುಚ್ಚಿ ರುಚಿ ನೋಡಿದರೂ ಸಾಕು, ಅಂಟಿತು. ಅಷ್ಟರೊಳಗೆ ಯಾವ ಔಷಧವೂ ಹೇನನ್ನು ಕೊಲ್ಲುವುದಿಲ್ಲ. ಆದ್ದರಿಂದಲೇ ಸಿಂಪಡಣೆಗಿಂತ ರೋಗದ ಗಿಡ ಕೀಳುವುದನ್ನೇ ನಾನು ಒತ್ತಿ ಹೇಳುವುದು. ಹೋದ ವರ್ಷ ನೆಲದಲ್ಲೇ ಉಳಿದು ತಾನಾಗಿ ಹುಟ್ಟಿದ ಗಿಡಗಳನ್ನೂ ಕನಿಕರವಿಲ್ಲದೆ ಕಿತ್ತುಹಾಕಿ. ನಂಜು, ಎಲೆ ಮತ್ತು ಗೆಡ್ಡೆ ಕೊಳೆಸುವ ಅಂಗಮಾರಿ ರೋಗ, ಎರಡಕ್ಕೂ ಅವು ತವರುಮನೆ.

ಒಂದು ರೋಗದ ವಿಷಯದಲ್ಲಿ ಮಾತ್ರ ನನ್ನಲ್ಲಿ ರಾಜಿಯಿಲ್ಲ. ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ತರುವ ಸೊರಗು ರೋಗ. ಗಿಡ ಹಸಿರಾಗಿರುವಾಗಲೇ ಜೋತುಬೀಳುತ್ತದೆ, ನೀರು ಕೊಟ್ಟರೂ ಏಳುವುದಿಲ್ಲ. ಅನುಮಾನ ಬಂದರೆ ಬುಡದ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ರೋಗ ಅದೇ. ಆ ಮಡಿಯ ಯಾವ ಗಿಡದ ಗೆಡ್ಡೆಯನ್ನೂ, ಎಷ್ಟೇ ಚೆಂದ ಕಂಡರೂ, ಬಿತ್ತನೆಗೆ ಇಡಬೇಡಿ. ಈ ದುಂಡಾಣು ಗೆಡ್ಡೆಯೊಳಗೆ ಸುಳಿವು ಕೊಡದೆ ಅಡಗಿ ಕೂರುತ್ತದೆ, ನೆಟ್ಟ ಮೇಲೆ ನೆಲವನ್ನೂ ಕೆಡಿಸುತ್ತದೆ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ, ಅವೆಲ್ಲ ಆಲೂಗೆಡ್ಡೆಯ ನೆಂಟರು.

ಅಂಗಮಾರಿ ಕೂಡ ಗೆಡ್ಡೆಯಲ್ಲೇ ಕೂತು ಮುಂದಿನ ಹಂಗಾಮಿಗೆ ದಾಟುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮದ ಮೂಲದಲ್ಲಿದ್ದದ್ದು ಇದೇ ರೋಗ. ಎಲೆಯ ಮೇಲಿನ ಬೀಜಕಣಗಳು ಮಳೆನೀರಿನ ಜೊತೆ ಮಣ್ಣಿಗಿಳಿದು ಗೆಡ್ಡೆ ಮುಟ್ಟುತ್ತವೆ. ಗೆಡ್ಡೆಗಳ ಮೇಲೆ ಮಣ್ಣು ದಪ್ಪಗೆ ಏರಿಸಿದ್ದರೆ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಗೆಡ್ಡೆಗೆ ಮೊಟ್ಟೆಯಿಡುವ ಪತಂಗಕ್ಕೂ ಇದೇ ಮಣ್ಣು ಅಡ್ಡಗೋಡೆ.

ಕಡ್ಡಿ ನೆಟ್ಟ ಗಿಡಗಳು ತಾವಾಗಿ ಒಣಗುವವರೆಗೆ ಕಾಯಬೇಡಿ. ಗೆಡ್ಡೆ ಕೋಳಿಮೊಟ್ಟೆಯ ಗಾತ್ರಕ್ಕೆ ಬಂದಿದೆ ಅನಿಸಿದಾಗ ಹಸಿರು ಭಾಗವನ್ನು ನೆಲಮಟ್ಟಕ್ಕೆ ಕೊಯ್ದುಹಾಕಿ. ತಿನ್ನುವ ಬೆಳೆಯಲ್ಲಿ ಇದು ನಷ್ಟ, ಬಿತ್ತನೆಯಲ್ಲಿ ಲಾಭ. ತಡವಾಗಿ ಬಂದ ಹೇನು ಎಲೆಗೆ ನಂಜು ಬಿಟ್ಟರೂ ಅದು ಗೆಡ್ಡೆಗೆ ಇಳಿಯಲು ಸಮಯ ಬೇಕು, ಆ ಸಮಯವನ್ನು ನಾವು ಕೊಡುವುದಿಲ್ಲ. ಕೊಯ್ದು ಎರಡು ವಾರ ಗೆಡ್ಡೆ ಮಣ್ಣಲ್ಲೇ ಇರಲಿ, ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿಯಬಾರದು. ಆಮೇಲೆ ಒಣ ದಿನ ನೋಡಿ ಅಗೆಯಿರಿ. ತೊಳೆಯಬೇಡಿ. ಗಾಳಿಯಾಡುವ ನೆರಳಿನಲ್ಲಿ ಹತ್ತು ಹದಿನೈದು ದಿನ ಹರಡಿದರೆ ಅಗೆಯುವಾಗ ಆದ ಗಾಯ ಮಾಯುತ್ತದೆ. ಮಾಯದೆ ಮೆತ್ತಗಾದದ್ದು, ಕತ್ತರಿಸಿದಾಗ ಒಳಗೆ ಕಂದು ಉಂಗುರ ಕಂಡದ್ದು ಯಾವುದೂ ಸಂಗ್ರಹಕ್ಕೆ ಹೋಗಬಾರದು.

ಸಂಗ್ರಹದ ಬಗ್ಗೆ ಜನ ಕತ್ತಲೆಯ ಕೋಣೆ ಹುಡುಕುತ್ತಾರೆ. ತಿನ್ನುವ ಗೆಡ್ಡೆಗೆ ಅದು ಸರಿ. ಬಿತ್ತನೆಯ ಗೆಡ್ಡೆಗೆ, ಶೀತಲಗೃಹದ 2ರಿಂದ 4 ಡಿಗ್ರಿ ಸೆಲ್ಸಿಯಸ್ ಸಿಗದಿದ್ದರೆ, ಬೆಳಕೇ ಬೇಕು. ನೇರ ಬಿಸಿಲಲ್ಲ, ಪತ್ರಿಕೆ ಓದುವಷ್ಟು ಚದುರಿದ ಬೆಳಕು. ಕೊಯ್ಲಾದ ಮೇಲೆ ಗೆಡ್ಡೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ನಿದ್ದೆಯಲ್ಲಿರುತ್ತದೆ, ತಳಿ ಮತ್ತು ಸೆಕೆ ನೋಡಿಕೊಂಡು ಹೆಚ್ಚು ಕಡಿಮೆ. ಎದ್ದಾಗ ಕತ್ತಲಲ್ಲಿದ್ದರೆ ಬಿಳಿಚಿಕೊಂಡ ಉದ್ದನೆಯ ಮೊಳಕೆ, ಮುಟ್ಟಿದರೆ ಮುರಿಯುತ್ತದೆ. ಬೆಳಕಿನಲ್ಲಿದ್ದರೆ ಗಿಡ್ಡ, ದಪ್ಪ, ಬಣ್ಣ ಕಟ್ಟಿದ ಮೊಳಕೆ. ತಟ್ಟೆಗಳಲ್ಲಿ ಒಂದು ಅಥವಾ ಎರಡು ಪದರ ಹರಡಿ, ವಾರಕ್ಕೊಮ್ಮೆ ನೋಡಿ ಕೊಳೆತದ್ದನ್ನು ತೆಗೆಯಿರಿ. ಗೆಡ್ಡೆ ಹಸಿರಾಗುತ್ತದೆ, ಆಗಲಿ. ಆದರೆ ಹಸಿರಾದದ್ದನ್ನು ಮುಂದೆ ಯಾರೂ ತಿನ್ನಬಾರದು; ಅದರಲ್ಲಿ ಸೋಲನೈನ್ ಎಂಬ ವಿಷ ಹೆಚ್ಚುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತಟ್ಟೆಯ ಮೇಲೆ "ಬಿತ್ತನೆಗೆ" ಎಂದು ಬರೆದಿಡಿ.

ನೆಡುವಾಗ ಇಡೀ ಗೆಡ್ಡೆ ನೆಡುವುದೇ ಕ್ಷೇಮ, 30ರಿಂದ 60 ಗ್ರಾಂ ತೂಕದ್ದು. ದೊಡ್ಡದನ್ನು ಕತ್ತರಿಸಲೇಬೇಕಾದರೆ ಪ್ರತಿ ಹೋಳಿನಲ್ಲೂ ಎರಡು ಕಣ್ಣಿರಲಿ, ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಒಂದು ಸೋಂಕಿನ ಗೆಡ್ಡೆ ಕೊಯ್ದ ಚಾಕು ಇಡೀ ಬುಟ್ಟಿಗೆ ರೋಗ ಹಂಚಬಲ್ಲದು.

ಇಷ್ಟೆಲ್ಲ ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ. ಹಂಗಾಮಿನ ಕೊನೆಯಲ್ಲಿ ನಂಜು ತಗುಲಿದ ಗಿಡ ಲಕ್ಷಣ ತೋರಿಸುವುದೇ ಇಲ್ಲ, ಗೆಡ್ಡೆಯಲ್ಲಿ ಮಾತ್ರ ನಂಜು ಸೇರಿರುತ್ತದೆ. ಕಡ್ಡಿಯ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತದೆ. ಇದಕ್ಕೆ ಆ ಮಹಿಳೆಗೆ ನಾನು ಹೇಳಿದ್ದು ಇಷ್ಟು: ಹಳೆಯ ಗೆಡ್ಡೆ ಅಡುಗೆಗೆ ಬಳಸಿ ಮುಗಿಸಿ, ಒಮ್ಮೆ ಪ್ರಮಾಣಿತ ಗೆಡ್ಡೆ ತಂದು ನೆಡಿ. ಕಡ್ಡಿ ಉಳಿದ ಒಂದೊಂದು ಗಿಡದ ಗೆಡ್ಡೆಯನ್ನೂ ಬೇರೆ ಬೇರೆ ಚೀಲದಲ್ಲಿಡಿ, ಮರುವರ್ಷ ಒಂದು ಚೀಲದ್ದನ್ನು ಅಕ್ಕಪಕ್ಕದಲ್ಲೇ ನೆಡಿ. ತಾಯಿಗೆ ನಂಜಿದ್ದರೆ ಮಕ್ಕಳಲ್ಲಿ ಕಾಣುತ್ತದೆ, ಆ ಗುಂಪು ಪೂರ್ತಿ ತೆಗೆದುಬಿಡಬಹುದು. ಮನೆಯ ಗೆಡ್ಡೆಯನ್ನು ಎರಡು ಅಥವಾ ಮೂರು ಹಂಗಾಮು ಹೀಗೆ ಸಾಗಿಸಿ, ಮತ್ತೆ ಹೊಸದು ತನ್ನಿ.

ಪ್ರಮಾಣಿತ ಗೆಡ್ಡೆ ನೆಟ್ಟು ಬೆಳೆದ ಮರುವರ್ಷ ಅವರು ಆರು ಚೀಲದ ಗೆಡ್ಡೆ ನೆಟ್ಟರು. ನಾನು ನೋಡಲು ಹೋದಾಗ ಐದು ಗುಂಪು ದಟ್ಟವಾಗಿ ಬೆಳೆದಿದ್ದವು. ನಾಲ್ಕನೆಯದರ ಮುಂದೆ ನಿಂತು, ನಾನು ಬಾಯಿ ಬಿಡುವ ಮೊದಲೇ, ಬಗ್ಗಿ ಒಂದು ಗಿಡದ ಕೆಳಗಿನ ಎಲೆಗಳನ್ನು ಅಲ್ಲಾಡಿಸಿ ಕಿವಿಗೊಟ್ಟು ಕೇಳಿದರು. ಆಮೇಲೆ ಆ ಗುಂಪಿನ ಏಳೂ ಗಿಡಗಳನ್ನು ಬುಡಸಮೇತ ಕಿತ್ತು ಬುಟ್ಟಿಗೆ ಹಾಕಿದರು.