ಲೈಬ್ರರಿಗೆ ಬರುವ ಮಕ್ಕಳು ಕಡಿಮೆಯಾದರು, ಓದುವ ಮಕ್ಕಳು?

ಹಳೆಯ ಲೈಬ್ರರಿ ಪುಸ್ತಕದ ಕೊನೆಯ ಹಾಳೆ ತಿರುವಿದರೆ ಅಲ್ಲೊಂದು ಚೀಟಿ ಅಂಟಿಸಿರುತ್ತದೆ. ಪುಸ್ತಕ ವಾಪಸು ಕೊಡಬೇಕಾದ ದಿನಾಂಕದ ಮೊಹರುಗಳು, ನೇರಳೆ ಶಾಯಿಯಲ್ಲಿ, ಒಂದರ ಕೆಳಗೊಂದು, ಕೆಲವು ಸೊಟ್ಟಗೆ. ಮೇಲ್ಗಡೆ ಹತ್ತಿರ ಹತ್ತಿರದ ತಾರೀಕುಗಳು, ಕೆಳಗೆ ಬಂದಂತೆ ವರ್ಷಕ್ಕೊಂದು, ಆಮೇಲೆ ಬರೀ ಖಾಲಿ ಗೆರೆ. ಇದನ್ನು ನೋಡಿದವರ ಬಾಯಲ್ಲಿ ‘ಈಗಿನ ಮಕ್ಕಳು ಓದೋದೇ ಇಲ್ಲ’ ಎಂಬ ಮಾತು ತಾನಾಗಿ ಬರುತ್ತದೆ. ಆದರೆ ಚೀಟಿಗೆ ಗೊತ್ತಿರುವುದು ಪುಸ್ತಕ ಹೊರಗೆ ಹೋಗಿದ್ದು ಮಾತ್ರ. ಮನೆಗೆ ಒಯ್ದ ಹುಡುಗ ಅದನ್ನು ಬಿಡಿಸಿದನೋ, ಚೀಲದಲ್ಲೇ ಹದಿನೈದು ದಿನ ಹೊತ್ತು ತಿರುಗಿ ತಂದುಕೊಟ್ಟನೋ, ಅದಕ್ಕೆ ಮೊಹರಿಲ್ಲ.

ಶಾಲಾ ಲೈಬ್ರರಿಗಳಲ್ಲಿ ಮೊದಮೊದಲು ಎಣಿಸುತ್ತಿದ್ದದ್ದು ಪುಸ್ತಕಗಳನ್ನು. ನ್ಯೂಯಾರ್ಕ್ ರಾಜ್ಯ 1835ರಲ್ಲಿ ತನ್ನ ಶಾಲಾ ಜಿಲ್ಲೆಗಳಿಗೆ ಲೈಬ್ರರಿಗೆಂದು ತೆರಿಗೆ ಎತ್ತುವ ಅಧಿಕಾರ ಕೊಟ್ಟಿತು. ಆಮೇಲೆ ಸರ್ಕಾರದ ದುಡ್ಡೂ ಸೇರಿಕೊಂಡಿತು. 1850ರ ದಶಕದ ಹೊತ್ತಿಗೆ ಅಲ್ಲಿ 15 ಲಕ್ಷಕ್ಕೂ ಹೆಚ್ಚು ಪುಸ್ತಕಗಳಿದ್ದವು. ವರದಿಯಲ್ಲಿ ಓದಲು ಚೆನ್ನಾಗಿತ್ತು. ಆದರೆ ಅವುಗಳಲ್ಲಿ ಬಹಳಷ್ಟು ದೊಡ್ಡವರಿಗೆಂದು ಬರೆದ ಭಾರದ ಪುಸ್ತಕಗಳು. ಲೈಬ್ರರಿಯ ಹಣವನ್ನು ಮೇಷ್ಟರ ಸಂಬಳಕ್ಕೂ ಬಳಸಬಹುದು ಎಂದಾದ ಮೇಲೆ ಆ ಸಂಗ್ರಹ ಮೆಲ್ಲಗೆ ಕರಗಿಹೋಯಿತು.

ಎಣಿಕೆ ಪುಸ್ತಕದಿಂದ ಎರವಲಿಗೆ ಹೊರಳಿದ್ದರ ಹಿಂದೆ ಒಂದು ಸಣ್ಣ ಕಾರ್ಡು ಇದೆ. 1900ರ ಸುಮಾರಿಗೆ ಅಮೆರಿಕದ ನ್ಯೂವಾರ್ಕ್ ಊರಿನ ಸಾರ್ವಜನಿಕ ಲೈಬ್ರರಿಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಪದ್ಧತಿ ಅದು: ಪುಸ್ತಕಕ್ಕೊಂದು ಕಾರ್ಡು, ಅದನ್ನಿಡಲು ಕಾಗದದ ಜೇಬು, ತಾರೀಕಿನ ಚೀಟಿ. ಅದೇ 1900ರಲ್ಲಿ ಬ್ರೂಕ್ಲಿನ್‌ನ ಇರಾಸ್ಮಸ್ ಹಾಲ್ ಹೈಸ್ಕೂಲಿಗೆ ಮೇರಿ ಕಿಂಗ್ಸ್‌ಬರಿ ಸೇರಿದರು. ತರಬೇತಿ ಪಡೆದು ಶಾಲೆಯೊಂದರಲ್ಲಿ ಕೆಲಸಕ್ಕೆ ನಿಂತ ಮೊದಲ ಅಮೆರಿಕನ್ ಗ್ರಂಥಪಾಲಕಿ ಎಂದು ಅವರನ್ನೇ ಹೇಳುತ್ತಾರೆ. ಪುಸ್ತಕ ಹೊರಗೆ ಹೋದಾಗ ಅದರ ಕಾರ್ಡು ಲೈಬ್ರರಿಯಲ್ಲೇ ಉಳಿಯುತ್ತಿತ್ತು; ಸಂಜೆ ಬಾಗಿಲು ಹಾಕುವ ಮುನ್ನ ಆ ಕಾರ್ಡುಗಳನ್ನು ಎಣಿಸಿದರೆ ಆಯಿತು, ದಿನದ ಲೆಕ್ಕ ಸಿದ್ಧ. ಹೀಗೆ ಸುಲಭವಾಗಿ ಸಿಗುತ್ತಿದ್ದ ‘ಎರವಲು’ ಕ್ರಮೇಣ ‘ಓದು’ ಎಂಬ ಮಾತಿನ ಜಾಗದಲ್ಲಿ ಕೂತುಬಿಟ್ಟಿತು. ‘ಪುಸ್ತಕಗಳಿರುವುದು ಬಳಕೆಗಾಗಿ’ ಎಂಬುದನ್ನು ಭಾರತದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲಿ ತಮ್ಮ ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದಾಗಿಸಿದರು. ಬಳಕೆಯನ್ನು ಅಳೆಯುವ ಕೋಲು ಮಾತ್ರ ಅದೇ ಕಾರ್ಡು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಲೈಬ್ರರಿ 1969ರಲ್ಲಿ ಕೊಂಡ ಪುಸ್ತಕಗಳನ್ನು ಇದೇ ಕೋಲಿನಿಂದ ಅಳೆದಾಗ, ಸುಮಾರು 40% ಪುಸ್ತಕಗಳು ಆರು ವರ್ಷದಲ್ಲಿ ಒಮ್ಮೆಯೂ ಹೊರಗೆ ಹೋಗಿರಲಿಲ್ಲ. 1979ರಲ್ಲಿ ಈ ವರದಿ ಬಂದಾಗ ಗದ್ದಲವಾಯಿತು. ಅಂದರೆ ಕಪಾಟಿನಲ್ಲಿ ಧೂಳು ತಿನ್ನುವ ಪುಸ್ತಕ ಫೋನು ತಂದ ಪಿಡುಗಲ್ಲ.

ಬಾಗಿಲಲ್ಲಿ ತಲೆ ಎಣಿಸುವ ಯಂತ್ರದ ಲೆಕ್ಕ ಇನ್ನೂ ಒರಟು. ಕಿರಣಕ್ಕೆ ಅಡ್ಡ ಬಂದವರನ್ನೆಲ್ಲ ಅದು ಎಣಿಸುತ್ತದೆ, ಬಂದದ್ದು ಹೋದದ್ದು ಎರಡೂ ಸೇರಿರುವುದರಿಂದ ಕೊನೆಗೆ ಅರ್ಧ ಮಾಡಿಕೊಳ್ಳುತ್ತಾರೆ. ಮರೆತ ಛತ್ರಿಗೆ ಬಂದವಳೂ ಒಂದು, ಕಾದಂಬರಿ ಹುಡುಕಿ ಬಂದವಳೂ ಒಂದು.

ಇಷ್ಟಕ್ಕೂ ಆಗ ಮಕ್ಕಳು ಯಾಕೆ ಬರುತ್ತಿದ್ದರು? ವಿಶ್ವಕೋಶದ ಮೇಜನ್ನು ನೆನಪಿಸಿಕೊಳ್ಳಿ. ನಾಳೆ ಜ್ವಾಲಾಮುಖಿಯ ಬಗ್ಗೆ ಎರಡು ಪುಟ ಬರೆದು ತರಬೇಕು. ಬೇಕಾದ ಸಂಪುಟ ಒಂದೇ, ಮನೆಗೆ ಕೊಡುವ ಹಾಗಿಲ್ಲ. ಒಬ್ಬ ಓದಿ ಹೇಳುತ್ತಾನೆ, ನಾಲ್ವರು ತಲೆ ಎತ್ತದೆ ನೋಟ್‌ಬುಕ್ಕಿಗೆ ಇಳಿಸುತ್ತಾರೆ, ಹಿಂದೆ ಇಬ್ಬರು ಸರದಿಗೆ ಕಾಯುತ್ತಾರೆ. ಬಾಗಿಲ ಲೆಕ್ಕದಲ್ಲಿ ಅದು ಏಳು ಭೇಟಿ. ಓದಿನ ಲೆಕ್ಕದಲ್ಲಿ, ನನ್ನನ್ನು ಕೇಳಿದರೆ, ಹೆಚ್ಚೆಂದರೆ ಒಂದು. 2001ರಲ್ಲಿ ವಿಕಿಪೀಡಿಯ ಬಂತು. 2012ರಲ್ಲಿ ಬ್ರಿಟಾನಿಕಾ 244 ವರ್ಷಗಳ ಅಚ್ಚಿನ ಪರಂಪರೆ ಮುಗಿಯಿತೆಂದು ಪ್ರಕಟಿಸಿತು. ಆ ಮೇಜಿನ ಸುತ್ತ ಇದ್ದ ಏಳೂ ಜನ ಮನೆಗೆ ಹೋದರು. ಅವರು ಬಿಟ್ಟದ್ದು ನಕಲಿಳಿಸುವ ಜಾಗವನ್ನು.

ವೇಳಾಪಟ್ಟಿಯ ಮಾತು ಬೇರೆ. ವಾರದ ಲೈಬ್ರರಿ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟ ತಿಂಗಳಲ್ಲೇ ಬಾಗಿಲ ಲೆಕ್ಕ ಕುಸಿಯುತ್ತದೆ. ಮಕ್ಕಳು ಅವರೇ, ಅಭಿರುಚಿಯೂ ಅದೇ. ಅಮೆರಿಕದ ಶಾಲೆಗಳಲ್ಲಿ 2009–10ರಿಂದ 2018–19ರೊಳಗೆ ಗ್ರಂಥಪಾಲಕರ ಸಂಖ್ಯೆ ಸುಮಾರು ಐದನೇ ಒಂದು ಪಾಲು ಇಳಿಯಿತು. ಇಂಗ್ಲೆಂಡಿನಲ್ಲಿ ಜೈಲಿಗೆ ಲೈಬ್ರರಿ ಇರಲೇಬೇಕೆಂದು ನಿಯಮವಿದೆ, ಶಾಲೆಗೆ ಇಲ್ಲ (ಇದನ್ನು ಹೇಳಿ ನಗುವ ಗ್ರಂಥಪಾಲಕರು ಬಹಳ ನಗುವುದಿಲ್ಲ). ಬೀಗ ಬಿದ್ದ ಕೋಣೆಗೆ ಯಾರೂ ಬರುವುದಿಲ್ಲ, ಯಾರೂ ಬರುವುದಿಲ್ಲವೆಂದು ಬೀಗ ಗಟ್ಟಿಯಾಗುತ್ತದೆ.

ಹಾಗಂತ ಸಮಾಧಾನಪಟ್ಟುಕೊಳ್ಳುವ ಹಾಗೂ ಇಲ್ಲ. ಲೈಬ್ರರಿಯ ಬಾಗಿಲು ಬಿಟ್ಟು ನೇರವಾಗಿ ಮಕ್ಕಳನ್ನೇ ಕೇಳಿದ ಸಮೀಕ್ಷೆಗಳಿವೆ. ಖುಷಿಗಾಗಿ ಹೆಚ್ಚುಕಡಿಮೆ ದಿನಾ ಓದುತ್ತೇವೆ ಎಂದ 13 ವರ್ಷದ ಅಮೆರಿಕನ್ ಮಕ್ಕಳು 1984ರಲ್ಲಿ 35%, 2012ರಲ್ಲಿ 27%, 2020ರ ಸುತ್ತಿನಲ್ಲಿ 17%, 2023ರಲ್ಲಿ 14%. ಕೊರೋನಾದ ಮೇಲೆ ತಪ್ಪು ಹೊರಿಸುವವರು ಗಮನಿಸಬೇಕು: ಆ 17% ಶಾಲೆಗಳು ಮುಚ್ಚುವ ಮೊದಲೇ ಸಂಗ್ರಹಿಸಿದ್ದು. ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್ ಕೇಳಿದಾಗ, ಓದು ಇಷ್ಟ ಎಂದ 8ರಿಂದ 18 ವರ್ಷದವರು 2005ರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 2025ರಲ್ಲಿ ಮೂವರಲ್ಲಿ ಒಬ್ಬರು. ಫೋನಿನಲ್ಲಿ ಓದುವುದೂ ಓದೇ ತಾನೆ ಎನ್ನಬಹುದು, ಒಪ್ಪುತ್ತೇನೆ. ಆದರೆ ಈ ಸಮೀಕ್ಷೆಗಳ ಪ್ರಶ್ನೆ ಓದಿನ ಖುಷಿಯ ಬಗ್ಗೆ, ಕಾಗದದ ಬಗ್ಗೆ ಅಲ್ಲ.

ಈ ಇಳಿಜಾರು ಎಲ್ಲ ಕಡೆ ಒಂದೇ ಥರ ಇಲ್ಲ ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ. ಜಪಾನಿನ ಒಂದು ಶಾಲೆಯಲ್ಲಿ 1988ರಲ್ಲಿ ಶುರುವಾದ ಬೆಳಗಿನ ಓದು ಬಹಳ ಸರಳ: ಪಾಠಕ್ಕೆ ಮೊದಲು ಹತ್ತು ನಿಮಿಷ, ಎಲ್ಲರೂ, ತಮಗೆ ಬೇಕಾದ ಪುಸ್ತಕ, ವರದಿ ಬರೆಯಬೇಕಿಲ್ಲ. ಅದು ದೇಶವೆಲ್ಲ ಹಬ್ಬಿತು. 2001ರಲ್ಲಿ ಮಕ್ಕಳ ಓದಿಗೆ ಕಾನೂನೂ ಬಂತು. ಪ್ರಾಥಮಿಕ ಶಾಲೆಯ ಮಕ್ಕಳು ತಿಂಗಳಿಗೆ ಓದುತ್ತಿದ್ದ ಪುಸ್ತಕಗಳ ಸರಾಸರಿ 2000ದಲ್ಲಿ 6.1 ಇದ್ದದ್ದು 2019ರಲ್ಲಿ 11.3 ಆಯಿತು. ಹೈಸ್ಕೂಲಿನ ದೊಡ್ಡ ಮಕ್ಕಳದ್ದು ಮಾತ್ರ ಒಂದೂವರೆಯ ಆಸುಪಾಸಿನಲ್ಲೇ ನಿಂತಿತು. ಆ ಹತ್ತು ನಿಮಿಷ ನಡೆಯುವುದು ತರಗತಿಯ ಬೆಂಚಿನ ಮೇಲೆ; ಲೈಬ್ರರಿಯ ಬಾಗಿಲ ಯಂತ್ರಕ್ಕೆ ಅದು ಕಾಣುವುದಿಲ್ಲ.

ಕಾಣದ ಓದು ಲೈಬ್ರರಿಯ ಒಳಗೂ ಇದೆ. ಕಪಾಟುಗಳ ಸಂದಿಯಲ್ಲಿ ನಿಂತೇ ಅರ್ಧ ಪುಸ್ತಕ ಮುಗಿಸಿ, ಪುಟದ ಸಂಖ್ಯೆ ಮನಸ್ಸಿನಲ್ಲಿಟ್ಟುಕೊಂಡು, ನಾಳೆ ಬೇರೆಯವರ ಕೈಗೆ ಸಿಗದಂತೆ ಸಾಲಿನ ಹಿಂದೆ ಬಚ್ಚಿಟ್ಟು ಹೋಗುವ ಮಗುವಿಗೆ ಕಾರ್ಡೂ ಇಲ್ಲ, ಮೊಹರೂ ಇಲ್ಲ. ಅಂಥವರನ್ನೂ ಲೆಕ್ಕಕ್ಕೆ ಹಿಡಿಯಲೆಂದೇ ಅನೇಕ ಲೈಬ್ರರಿಗಳಲ್ಲಿ ಮೇಜಿನ ಮೇಲೆ ಒಂದು ಫಲಕ ಇಟ್ಟಿರುತ್ತಾರೆ: ‘ಓದಿದ ಪುಸ್ತಕವನ್ನು ಕಪಾಟಿನಲ್ಲಿ ಇಡಬೇಡಿ, ಇಲ್ಲೇ ಬಿಡಿ.’ ಸಂಜೆ ಯಾರೋ ಬಂದು ಅವನ್ನು ಒಂದೊಂದಾಗಿ ಎಣಿಸಿ, ಬರೆದುಕೊಂಡು, ಆಮೇಲೆ ಜೋಡಿಸುತ್ತಾರೆ.